ಸಮವಸ್ತ್ರಕ್ಕೆ ಮುಂಚಿನ ಪ್ರಾರ್ಥನೆ

ಭಾರತದಲ್ಲಿ ಸೇನೆಗೆ ಯಾರನ್ನೂ ಕಡ್ಡಾಯವಾಗಿ ಸೇರಿಸಿಕೊಳ್ಳುವುದಿಲ್ಲ. ಸೇರುವವರೆಲ್ಲ ತಾವಾಗಿಯೇ ಸೇರುತ್ತಾರೆ. ಹೀಗಾಗಿ ಕ್ರೈಸ್ತ ಮನೆಯ ಹುಡುಗನೋ ಹುಡುಗಿಯೋ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಅರ್ಜಿಯನ್ನು ಮುಂದಿಟ್ಟುಕೊಂಡು ಕೂತಾಗ ಆ ನಿರ್ಧಾರದ ಹೊಣೆಯನ್ನು ಸರ್ಕಾರದ ಮೇಲೆ ಹಾಕುವಂತಿಲ್ಲ, ಕಾಲದ ಮೇಲೆ ಹಾಕುವಂತಿಲ್ಲ. ಅದು ಪೂರ್ತಿ ಅವರ ಮನಸ್ಸಾಕ್ಷಿಯದು. ಶತ್ರುವನ್ನು ಪ್ರೀತಿಸಬೇಕೆಂದು ಭಾನುವಾರದ ಶಾಲೆಯಲ್ಲಿ ಕಲಿತವರು ಬಂದೂಕು ಹಿಡಿಯಬಹುದೇ ಎಂಬ ಪ್ರಶ್ನೆ ಒಂದು ಕಡೆ. ಸ್ನೇಹಿತರಿಗಾಗಿ ಪ್ರಾಣ ಕೊಡುವುದಕ್ಕಿಂತ ದೊಡ್ಡ ಪ್ರೀತಿ ಇಲ್ಲವೆಂದೂ ಕಲಿತವರು ಹಿಂದೆ ಸರಿಯಬಹುದೇ ಎಂಬ ಪ್ರಶ್ನೆ ಇನ್ನೊಂದು ಕಡೆ. ಇವೆರಡೂ ಪ್ರಾಮಾಣಿಕ ಪ್ರಶ್ನೆಗಳೇ. ಇವುಗಳನ್ನು ಎದುರಿಸಿದ ಹಿಂದಿನವರ ನೆನಪು ದೆಹಲಿಯಲ್ಲಿ ದಟ್ಟವಾಗಿದೆ. ದೆಹಲಿ ಕನ್ನಡಿಗರಿಗೆ ಆ ನೆನಪಿನ ಜಾಗಗಳು ದೂರದವೂ ಅಲ್ಲ. ಕರ್ನಾಟಕ ಸಂಘವಿರುವ ರಾಮಕೃಷ್ಣಪುರದಿಂದ ಕಂಟೋನ್ಮೆಂಟ್ ಹತ್ತಿರವೇ ಇದೆ. ಅಲ್ಲಿಯ ಪರೇಡ್ ಮೈದಾನಕ್ಕೆ ಇರುವುದು ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರು.

ಈ ನೆನಪುಗಳಲ್ಲಿ ಹೆಚ್ಚು ತೂಕದ್ದು ಕಾಶ್ಮೀರಿ ಗೇಟಿನ ಒಂದು ಮನೆಯದು. ಸೇಂಟ್ ಸ್ಟೀಫನ್ಸ್ ಕಾಲೇಜು ಆಗ ಆ ಬಡಾವಣೆಯಲ್ಲೇ ಇತ್ತು. 1906ರಲ್ಲಿ ಸುಶೀಲ್ ಕುಮಾರ್ ರುದ್ರ ಅದರ ಪ್ರಾಂಶುಪಾಲರಾದರು. ಆ ಹುದ್ದೆಗೆ ಬಂದ ಮೊದಲ ಭಾರತೀಯ ಅವರು, ಬಂಗಾಳಿ ಕ್ರೈಸ್ತರು. ಅವರನ್ನೇ ನೇಮಿಸಬೇಕೆಂದು ಪಟ್ಟು ಹಿಡಿದವರಲ್ಲಿ 1904ರಲ್ಲಿ ಕಾಲೇಜಿಗೆ ಬಂದ ಮಿಷನರಿ ಸಿ. ಎಫ್. ಆಂಡ್ರೂಸ್ ಒಬ್ಬರು. 1915ರಲ್ಲಿ ದಕ್ಷಿಣ ಆಫ್ರಿಕಾದ ಅಧ್ಯಾಯ ಮುಗಿಸಿ ಮರಳಿದ ಗಾಂಧೀಜಿ ಮುಂದಿನ ವರ್ಷಗಳಲ್ಲಿ ದೆಹಲಿಗೆ ಬಂದಾಗ ಉಳಿಯುತ್ತಿದ್ದದ್ದು ರುದ್ರರ ಮನೆಯಲ್ಲೇ. ಖಿಲಾಫತ್ ಬೇಡಿಕೆಗೆ ರೂಪ ಕೊಟ್ಟು ವೈಸರಾಯ್‌ಗೆ ಬರೆದ ಬಹಿರಂಗ ಪತ್ರ ಸಿದ್ಧವಾದದ್ದು ಆ ಸೂರಿನ ಕೆಳಗೆ ಎಂದು 1925ರಲ್ಲಿ ರುದ್ರ ತೀರಿಕೊಂಡಾಗ ಗಾಂಧೀಜಿಯೇ ನೆನೆದರು.

ಅದೇ ಮನೆಯ ಮಗ ಅಜಿತ್ ಅನಿಲ್ ರುದ್ರ ಸೈನಿಕರಾದರು. 1914ರಲ್ಲಿ ಮಹಾಯುದ್ಧ ಶುರುವಾದಾಗ ಇಂಗ್ಲೆಂಡಿನಲ್ಲಿದ್ದ ಅವರು ಬ್ರಿಟಿಷ್ ಸೇನೆಯಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿ, 1916ರಲ್ಲಿ ಫ್ರಾನ್ಸಿನ ಸೋಮ್ ರಣರಂಗವನ್ನು ಕಂಡರು. ಮುಂದೆ ಬ್ರಿಟಿಷ್ ಇಂಡಿಯನ್ ಸೇನೆಯಲ್ಲಿ ಅಧಿಕಾರಿಯಾಗಿ, ಸ್ವತಂತ್ರ ಭಾರತದ ಸೇನೆಯಲ್ಲಿ ಮೇಜರ್ ಜನರಲ್ ಆಗಿ ನಿವೃತ್ತರಾದರು. ಮೂರು ಸೇನೆ, ಎರಡು ಮಹಾಯುದ್ಧಗಳ ಆ ಬದುಕನ್ನು ಮೇಜರ್ ಜನರಲ್ ಡಿ. ಕೆ. ಪಾಲಿತ್ ಪುಸ್ತಕವಾಗಿ ದಾಖಲಿಸಿದ್ದಾರೆ. ಇತ್ತ 1918ರ ಏಪ್ರಿಲ್‌ನಲ್ಲಿ ವೈಸರಾಯ್ ಚೆಲ್ಮ್ಸ್‌ಫರ್ಡ್ ದೆಹಲಿಯಲ್ಲಿ ಯುದ್ಧ ಪರಿಷತ್ತು ಕರೆದರು. ಗಾಂಧೀಜಿ ಅದರಲ್ಲಿ ಭಾಗವಹಿಸಿ ಸೈನ್ಯಕ್ಕೆ ಜನ ಸೇರಿಸುವ ನಿರ್ಣಯವನ್ನು ಬೆಂಬಲಿಸಿದರು, ಆಮೇಲೆ ಖೇಡಾ ಜಿಲ್ಲೆಯಲ್ಲಿ ಊರೂರು ತಿರುಗಿ ಸೈನಿಕರಾಗಿ ಎಂದು ರೈತರನ್ನು ಕೇಳಿಕೊಂಡರು. ಆಂಡ್ರೂಸ್‌ರಿಗೆ ಇದು ಒಪ್ಪಿಗೆಯಾಗಲಿಲ್ಲ. ಯುದ್ಧವೂ ಯೇಸುವಿನ ದಾರಿಯೂ ಒಟ್ಟಿಗೆ ಹೋಗಲಾರವು ಎಂಬುದು ಅವರ ನಿಲುವು. ಇಬ್ಬರ ನಡುವೆ ಈ ಬಗ್ಗೆ ದೀರ್ಘ ಪತ್ರಗಳೇ ನಡೆದವು.

ಒಂದೇ ಊಟದ ಮೇಜಿನ ಸುತ್ತ ಕೂತವರ ಉತ್ತರಗಳು ಇಷ್ಟು ಬೇರೆ ಬೇರೆಯಾಗಿದ್ದವು. ಯುದ್ಧವನ್ನು ಒಪ್ಪದ ಪಾದ್ರಿ, ಆ ಹೊತ್ತಿಗೆ ಸೈನ್ಯಭರ್ತಿಗೆ ಹೊರಟ ಅಹಿಂಸಾವಾದಿ, ಕಂದಕದಲ್ಲಿ ನಿಂತು ಬಂದ ಮಗ, ಮೂವರನ್ನೂ ಪ್ರೀತಿಸಿದ ತಂದೆ. ಸ್ನೇಹ ಮುರಿಯಲಿಲ್ಲ, ಮನೆ ಒಡೆಯಲಿಲ್ಲ. ಇವತ್ತು ಇದೇ ಪ್ರಶ್ನೆಯನ್ನು ಹೊತ್ತು ತಿರುಗುವ ಕ್ರೈಸ್ತ ಯುವಜನರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇಕಿಲ್ಲ. ಭಕ್ತಿಯುಳ್ಳವರು, ತಿಳಿದವರು, ಒಬ್ಬರನ್ನೊಬ್ಬರು ಗೌರವಿಸುವವರು ಇಲ್ಲಿ ಭಿನ್ನವಾದ ತೀರ್ಮಾನಕ್ಕೆ ಬಂದಿದ್ದಾರೆ. ಆದ್ದರಿಂದ ತಡವರಿಸುವುದು ವಿಶ್ವಾಸದ ಕೊರತೆಯಲ್ಲ. ಮನೆಯವರು, ಸಭೆಯ ಹಿರಿಯರು ಈ ತಡವರಿಕೆಗೆ ಸಮಯ ಕೊಡಬೇಕು.

ಬೈಬಲಿನಲ್ಲಿ ಸೈನಿಕರು ಅಲ್ಲಲ್ಲಿ ಎದುರಾಗುತ್ತಾರೆ. ಸ್ನಾನಿಕ ಯೋಹಾನನ ಬಳಿ ಬಂದ ಸೈನಿಕರು ತಾವೇನು ಮಾಡಬೇಕೆಂದು ಕೇಳುತ್ತಾರೆ. ಜನರಿಂದ ಬಲವಂತವಾಗಿ ಹಣ ಕೀಳಬಾರದು, ಸುಳ್ಳು ದೂರು ಹೊರಿಸಬಾರದು, ಬರುವ ಸಂಬಳದಲ್ಲಿ ತೃಪ್ತರಾಗಿರಬೇಕು ಎಂದು ಅವನು ಹೇಳುತ್ತಾನೆ. ಕೆಲಸ ಬಿಡಿರೆನ್ನುವುದಿಲ್ಲ. ಕಪೆರ್ನೌಮಿನ ಶತಾಧಿಪತಿಯ ನಂಬಿಕೆಯನ್ನು ಯೇಸು ಬೆರಗಿನಿಂದ ಮೆಚ್ಚುತ್ತಾನೆ. ಪೇತ್ರನು ದೀಕ್ಷಾಸ್ನಾನಕ್ಕೆ ಬರಮಾಡಿಕೊಂಡ ಕೊರ್ನೇಲಿಯನೂ ರೋಮನ್ ಸೇನೆಯ ಶತಾಧಿಪತಿಯೇ. ಆದರೆ ಗೆತ್ಸೆಮನೆ ತೋಟದಲ್ಲಿ ಕತ್ತಿಯನ್ನು ಒರೆಗೆ ಸೇರಿಸೆಂದು ಪೇತ್ರನಿಗೆ ಹೇಳಿದವನೂ ಅದೇ ಯೇಸು. ಒಂದು ಕಡೆಯ ವಚನಗಳನ್ನಷ್ಟೇ ಆರಿಸಿಕೊಂಡು ಯುವಕನ ಕೈಗಿಡುವುದು ಅವನಿಗೆ ಮಾಡುವ ಉಪಕಾರವಲ್ಲ. ಅಗಸ್ಟೀನ್ ಮತ್ತು ಹದಿಮೂರನೆಯ ಶತಮಾನದ ಥಾಮಸ್ ಅಕ್ವೈನಸ್ ಈ ಎಳೆಗಳನ್ನು ಕೂಡಿಸಲು ಯತ್ನಿಸಿದರು. ಯುದ್ಧ ನ್ಯಾಯವೆನಿಸಬೇಕಾದರೆ ಅದನ್ನು ಸಾರುವ ಅಧಿಕಾರ ಸರಿಯಾದದ್ದಾಗಿರಬೇಕು, ಕಾರಣ ನ್ಯಾಯವಾಗಿರಬೇಕು, ಉದ್ದೇಶ ಶುದ್ಧವಾಗಿರಬೇಕು ಎಂದು ಅಕ್ವೈನಸ್ ಮೂರು ಷರತ್ತು ಹಾಕಿದರು. ಮೆನ್ನೊನೈಟರು, ಕ್ವೇಕರರು ಈ ವಾದವನ್ನು ಇಂದಿಗೂ ಒಪ್ಪಿಲ್ಲ.

ದೆಹಲಿ ಕಂಟೋನ್ಮೆಂಟಿನ ಸೇಂಟ್ ಮಾರ್ಟಿನ್ಸ್ ಚರ್ಚನ್ನು ಕಂಡವರು ಮರೆಯುವುದಿಲ್ಲ. ಲಟ್ಯೆನ್ಸ್‌ರ ಸಹಾಯಕರಾಗಿದ್ದ ಆರ್ಥರ್ ಶೂಸ್ಮಿತ್ 1930ರ ಸುಮಾರಿಗೆ ಕಟ್ಟಿಸಿದ, ಕಿಟಕಿಗಳೇ ಕಡಿಮೆಯಿರುವ, ಕೋಟೆಯಂಥ ಇಟ್ಟಿಗೆಯ ಕಟ್ಟಡ ಅದು. ಕಂಟೋನ್ಮೆಂಟಿನ ಸೈನಿಕರಿಗಾಗಿಯೇ ಎದ್ದ ಈ ಚರ್ಚಿನ ಹೆಸರು ನಾಲ್ಕನೆಯ ಶತಮಾನದ ತೂರ್ ನಗರದ ಸಂತ ಮಾರ್ಟಿನನದು. ಮಾರ್ಟಿನ್ ರೋಮನ್ ಸೈನಿಕ. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟವನು. ಅವನ ಜೀವನವನ್ನು ಬರೆದ ಸುಲ್ಪಿಸಿಯಸ್ ಸೆವೆರಸ್ ಹೇಳುವ ಮುಂದಿನ ಸಂಗತಿ ಅಷ್ಟು ಪ್ರಚಾರದಲ್ಲಿಲ್ಲ. ಯುದ್ಧದ ಮುನ್ನಾದಿನ ಮಾರ್ಟಿನ್ ತಾನು ಇನ್ನು ಕ್ರಿಸ್ತನ ಸೈನಿಕನೆಂದು ಹೇಳಿ ಹೋರಾಡಲು ನಿರಾಕರಿಸುತ್ತಾನೆ. ಹೇಡಿ ಎಂದು ಜರೆದಾಗ, ಆಯುಧವಿಲ್ಲದೆ ಮುಂದಿನ ಸಾಲಿನಲ್ಲಿ ನಿಲ್ಲಲು ಸಿದ್ಧನೆನ್ನುತ್ತಾನೆ. ಸೈನಿಕರ ಚರ್ಚಿಗೆ ಸೇನೆ ಬಿಟ್ಟವನ ಹೆಸರಿರುವುದು ವಿರೋಧಾಭಾಸವೇನಲ್ಲ. ಸಮವಸ್ತ್ರದಲ್ಲಿದ್ದಾಗಲೂ ಅದನ್ನು ಕಳಚಿದಾಗಲೂ ಅವನ ಧೈರ್ಯ ಅದೇ ಆಗಿತ್ತು. ಅಲ್ಲಿ ಪ್ರಾರ್ಥನೆಗೆ ಬರುವವರಿಗೆ ಎರಡೂ ಬಾಗಿಲು ತೆರೆದಿವೆ ಎಂದು ಆ ಹೆಸರೇ ಸಾರುತ್ತದೆ.

ಹೇಗೆ ತೀರ್ಮಾನಿಸುವುದು ಎಂಬುದಕ್ಕೆ ಕ್ರೈಸ್ತ ಪರಂಪರೆಯಲ್ಲಿ ತುಂಬ ಉಪಯುಕ್ತವಾದ ಮಾರ್ಗದರ್ಶನ ಸಿಗುವುದು ಇನ್ನೊಬ್ಬ ಸೈನಿಕನಿಂದ. ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜನ್ನು 1880ರಲ್ಲಿ ಕಟ್ಟಿದ, ದೆಹಲಿಯಲ್ಲಿ ವಿದ್ಯಾಜ್ಯೋತಿ ದೈವಶಾಸ್ತ್ರ ಕಾಲೇಜನ್ನು ನಡೆಸುವ ಯೇಸುಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ ಮೊದಲು ಖಡ್ಗ ಹಿಡಿದವರು. 1521ರ ಮೇ ತಿಂಗಳಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ಅವರ ಕಾಲು ಮುರಿಯಿತು. ಹಾಸಿಗೆ ಹಿಡಿದಿದ್ದಾಗ ಓದಲು ಸಿಕ್ಕಿದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳು. ವೀರಯೋಧನಾಗಿ ಹೆಸರು ಗಳಿಸುವ ಕನಸು ಕಾಣುವಾಗ ಹಿತವೆನಿಸಿ ಆಮೇಲೆ ಮನಸ್ಸು ಒಣಗುತ್ತಿತ್ತು. ಸಂತರಂತೆ ಬಾಳುವ ಯೋಚನೆ ಬಂದು ಹೋದ ಮೇಲೂ ಸಂತೋಷ ಉಳಿಯುತ್ತಿತ್ತು. ಈ ವ್ಯತ್ಯಾಸವನ್ನು ಗಮನಿಸಿದ್ದೇ ಅವರ ಬದುಕಿನ ತಿರುವು. ಮರುವರ್ಷ ಮೊನ್ಸೆರಾತ್‌ನ ಮಾತೆಯ ಪೀಠದ ಮುಂದೆ ಖಡ್ಗವನ್ನಿಟ್ಟು ಹೊರಟರು.

ಇಗ್ನೇಷಿಯಸ್ ಬರೆದಿಟ್ಟ ಆಧ್ಯಾತ್ಮಿಕ ಸಾಧನೆಯ ಸೂತ್ರಗಳು ಸೇನೆಗೆ ಹೋಗುವ ವಿಚಾರಕ್ಕೆ ನೇರವಾಗಿ ಹೊಂದುತ್ತವೆ. ಮನಸ್ಸು ಕುಗ್ಗಿದಾಗ, ಪ್ರಾರ್ಥನೆ ಬರಡಾದಾಗ ಮೊದಲಿನ ತೀರ್ಮಾನವನ್ನು ಬದಲಿಸಬಾರದು ಎನ್ನುತ್ತಾರೆ. ಪರೀಕ್ಷೆಯಲ್ಲಿ ನಪಾಸಾದ ವಾರ, ಪ್ರೀತಿ ಮುರಿದ ತಿಂಗಳು, ಮನೆಯಲ್ಲಿ ಜಗಳವಾದ ರಾತ್ರಿ ಸೇನೆಗೆ ಓಡಿಹೋಗಲು ಹೊರಟವರಿಗೆ ಈ ಮಾತು ಬೇಕು. ಅಪರಿಚಿತನೊಬ್ಬ ಇದೇ ಪ್ರಶ್ನೆಯೊಡನೆ ಬಂದರೆ ಅವನಿಗೆ ಯಾವ ಸಲಹೆ ಕೊಡುತ್ತೀಯೋ ಅದನ್ನು ನೀನೂ ಪಾಲಿಸು ಎನ್ನುತ್ತಾರೆ. ಮರಣದ ಹಾಸಿಗೆಯಲ್ಲಿದ್ದಾಗ ಯಾವ ತೀರ್ಮಾನ ಮಾಡಿದ್ದರೆ ಚೆನ್ನಿತ್ತು ಅನ್ನಿಸುತ್ತದೆಯೋ ಅದನ್ನು ಈಗ ಮಾಡು ಎನ್ನುತ್ತಾರೆ. ಹೋಗುವುದರ ಲಾಭನಷ್ಟ, ಹೋಗದಿರುವುದರ ಲಾಭನಷ್ಟಗಳನ್ನು ಬಿಡಿಬಿಡಿಯಾಗಿ ತೂಗಲು ಹೇಳುತ್ತಾರೆ. ಇದಕ್ಕೆಲ್ಲ ಮೊದಲು ಬೇಕಾದದ್ದು ಒಳಗಿನ ಬಿಡುಗಡೆ. ದೇವರು ಹೋಗೆಂದರೂ ಸರಿ, ಬೇಡವೆಂದರೂ ಸರಿ ಎನ್ನುವ ಹಂತಕ್ಕೆ ಬಾರದೆ ಪ್ರಾರ್ಥಿಸಿದರೆ ಕೇಳಿಸುವುದು ತಮ್ಮದೇ ಆಸೆಯ ದನಿ.

ಸಂಬಳದ ವಿಷಯವನ್ನು ಮುಚ್ಚಿಡಬೇಕಿಲ್ಲ. ಬೀದರಿನ ಮೆಥೊಡಿಸ್ಟ್ ಮನೆಯಲ್ಲೋ ಕರಾವಳಿಯ ಕಥೋಲಿಕ ಮನೆಯಲ್ಲೋ ಸೇನೆಯೆಂದರೆ ಮೊದಲು ಕಾಯಂ ಸಂಬಳ, ಕ್ಯಾಂಟೀನ್, ಆಸ್ಪತ್ರೆ, ಪಿಂಚಣಿ. ತಂಗಿಯ ಮದುವೆ, ತಂದೆಯ ಸಾಲ ನೆನಪಾಗುವುದು ತಪ್ಪೇನಲ್ಲ. ಯೋಹಾನನೂ ಸಂಬಳದ ಮಾತನ್ನು ಎತ್ತಿದವನೇ. ಆದರೆ ಸಂಬಳವೊಂದೇ ಕಾರಣವಾದರೆ ಆ ಕಾರಣ ಸಿಯಾಚಿನ್‌ನ ಹಿಮದಲ್ಲಿ ಹೆಚ್ಚು ದಿನ ಬಾಳಲಾರದು. ಜೊತೆಗೆ ಈಗಿನ ಲೆಕ್ಕ ಬೇರೆಯಾಗಿದೆ. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸಿಪಾಯಿಯಾಗಿ ಸೇರುವವರ ಅವಧಿ 4 ವರ್ಷ. ಅದು ಮುಗಿದ ಮೇಲೆ ಕಾಯಂ ಆಗುವವರು ಹೆಚ್ಚೆಂದರೆ ಶೇ 25. ಮಿಕ್ಕವರು ಒಂದಷ್ಟು ಗಂಟಿನೊಂದಿಗೆ ಮರಳುತ್ತಾರೆ, ಪಿಂಚಣಿ ಇರುವುದಿಲ್ಲ. ಅಧಿಕಾರಿಯಾಗಲು ಎನ್‌ಡಿಎ ಬರೆಯುವವರ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಮನಸ್ಸು ಇನ್ನೂ ಹದವಾಗದ ವಯಸ್ಸು ಅದು. ಇನ್ನೂ ಸ್ವಲ್ಪ ಬಲಿತ ಮೇಲೆ ನಿರ್ಧರಿಸಬೇಕೆನ್ನುವವರು ಪದವಿ ಮುಗಿಸಿ ಸಿಡಿಎಸ್ ಪರೀಕ್ಷೆ ಬರೆಯಬಹುದು, ಶಾರ್ಟ್ ಸರ್ವಿಸ್‌ನಲ್ಲಿ 10 ವರ್ಷ ದುಡಿದು ಹೊರಬರಲೂಬಹುದು. ಕರೆ ಬದುಕಿನುದ್ದಕ್ಕೂ ಇರಬೇಕೆಂಬ ನಿಯಮವಿಲ್ಲ.

ಸೇರುವ ಮುಂಚೆ ಪ್ರಮಾಣವಚನವನ್ನು ಓದಿಕೊಳ್ಳಬೇಕು. ಸಂವಿಧಾನಕ್ಕೆ ನಿಷ್ಠೆ, ಪ್ರಾಣಕ್ಕೆ ಅಪಾಯವಿದ್ದರೂ ಮೇಲಧಿಕಾರಿಯ ಆಜ್ಞಾಪಾಲನೆ ಅದರಲ್ಲಿವೆ. ದೇವರ ಹೆಸರಿನಲ್ಲಿ ಆಣೆಯಿಡಬಹುದು, ಆಣೆ ಇಡಬಾರದೆನ್ನುವವರು ದೃಢೀಕರಣ ಮಾಡಬಹುದು. ಸೇನೆಯಲ್ಲಿ ಪಂಡಿತ, ಗ್ರಂಥಿ, ಮೌಲ್ವಿಗಳಂತೆ ಪಾದ್ರಿಯೂ ಧರ್ಮಶಿಕ್ಷಕನಾಗಿ ಜೂನಿಯರ್ ಕಮಿಷನ್ಡ್ ಆಫೀಸರ್ (ಜೆಸಿಒ) ದರ್ಜೆಯಲ್ಲಿರುತ್ತಾನೆ; ಆ ಹುದ್ದೆಗೆ ಗುರುದೀಕ್ಷೆ ಪಡೆದಿರಬೇಕು, ಬಿಷಪರ ಅಂಗೀಕೃತ ಪಟ್ಟಿಯಲ್ಲಿ ಹೆಸರಿರಬೇಕು. ಆದರೆ ಎಲ್ಲ ಘಟಕದಲ್ಲೂ ಪಾದ್ರಿ ಸಿಗುವುದಿಲ್ಲ. ಬಹುಪಾಲು ಕಡೆ ಕ್ರೈಸ್ತರು ಬೆರಳೆಣಿಕೆಯಷ್ಟು. ಒಂಟಿಯಾಗಿ ಪ್ರಾರ್ಥಿಸುವ ರೂಢಿ ಮೊದಲೇ ಆಗಿರದಿದ್ದರೆ ಅಲ್ಲಿ ಹೊಸದಾಗಿ ಕಲಿಯುವುದು ಕಷ್ಟ.

ಮನಸ್ಸಾಕ್ಷಿಯ ಗಡಿ ಎಲ್ಲಿದೆ ಎಂಬ ಪ್ರಶ್ನೆ ಇತ್ತೀಚೆಗೆ ದೆಹಲಿಯ ನ್ಯಾಯಾಲಯಗಳಲ್ಲೇ ವಿಚಾರಣೆಗೆ ಬಂತು. 2017ರಲ್ಲಿ 3ನೇ ಕ್ಯಾವಲ್ರಿ ರೆಜಿಮೆಂಟಿಗೆ ಅಧಿಕಾರಿಯಾಗಿ ಬಂದ ಸ್ಯಾಮ್ಯುಯೆಲ್ ಕಮಲೇಶನ್ ಸಿಖ್ ಸೈನಿಕರ ತುಕಡಿಯ ಮುಂದಾಳಾಗಿದ್ದರು. ಧಾರ್ಮಿಕ ಪರೇಡಿಗೆ ತಮ್ಮ ಸೈನಿಕರೊಡನೆ ಹೋಗುತ್ತಿದ್ದರು. ಪೂಜೆ, ಆರತಿಯ ಸಮಯದಲ್ಲಿ ಗರ್ಭಗುಡಿಯೊಳಗೆ ಬರಲು ಮಾತ್ರ ತಮ್ಮ ವಿಶ್ವಾಸ ಬಿಡದೆಂದರು. 2021ರಲ್ಲಿ ಸೇನೆ ಅವರನ್ನು ವಜಾ ಮಾಡಿತು. 2025ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್, ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿದವು. ಮೇಲಧಿಕಾರಿಯ ನ್ಯಾಯಬದ್ಧ ಆಜ್ಞೆಗಿಂತ ಸ್ವಂತ ಧರ್ಮವನ್ನು ಮೇಲಿಟ್ಟರು ಎಂಬುದು ಹೈಕೋರ್ಟಿನ ಅಭಿಪ್ರಾಯ. ಸೈನಿಕರ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸುವ ಅಧಿಕಾರವನ್ನು ಸಂವಿಧಾನದ 33ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ಸೇರುವವರು ಇದನ್ನು ತಿಳಿದೇ ಸೇರಬೇಕು. ಆ ಅಧಿಕಾರಿ ತೆತ್ತ ಬೆಲೆ ದೊಡ್ಡದು. ಅವರ ನಿಲುವನ್ನು ಒಪ್ಪದ ಕ್ರೈಸ್ತರೂ ಅದನ್ನು ಹಗುರವಾಗಿ ಕಾಣಬಾರದು.

ಈ ವಿಷಯದಲ್ಲಿ ಕ್ರೈಸ್ತರೆಲ್ಲರ ಮನಸ್ಸಾಕ್ಷಿ ಒಂದೇ ರೀತಿ ಇರುವುದಿಲ್ಲ. ಹಳೆಯ ಒಡಂಬಡಿಕೆಯ ನಾಮಾನ ಸಿರಿಯಾದ ಸೇನಾಪತಿ. ಕುಷ್ಠ ವಾಸಿಯಾಗಿ ಇಸ್ರಾಯೇಲಿನ ದೇವರನ್ನು ನಂಬಿದ ಮೇಲೆ ಅವನು ಪ್ರವಾದಿ ಎಲೀಷನ ಮುಂದೆ ತನ್ನ ಸಂಕಟವನ್ನು ತೋಡಿಕೊಳ್ಳುತ್ತಾನೆ: ಅರಸನು ತನ್ನ ಕೈ ಆಸರೆಯಲ್ಲಿ ರಿಮ್ಮೋನನ ಗುಡಿಯಲ್ಲಿ ಬಾಗುವಾಗ ತಾನೂ ಬಾಗಬೇಕಾಗುತ್ತದೆ, ಅದಕ್ಕೆ ಕ್ಷಮೆ ಸಿಕ್ಕೀತೇ? ಎಲೀಷ ಅವನನ್ನು ಸಮಾಧಾನದಿಂದ ಕಳಿಸಿಕೊಡುತ್ತಾನೆ. ಅದೇ ಬೈಬಲಿನಲ್ಲಿ ಶದ್ರಕ, ಮೇಷಕ, ಅಬೇದ್‌ನೆಗೋ ಅರಸನ ಪ್ರತಿಮೆಯ ಮುಂದೆ ಬಾಗದೆ ಬೆಂಕಿಗೆ ನಡೆಯುತ್ತಾರೆ. ನಾಮಾನನ ದಾರಿ ತನ್ನದೋ ಆ ಮೂವರ ದಾರಿ ತನ್ನದೋ ಎಂಬುದನ್ನು ಯುವಕ ಅಕಾಡೆಮಿಯ ಬಾಗಿಲು ದಾಟುವ ಮೊದಲೇ ತನ್ನ ಸಭಾಪಾಲಕರೊಡನೆ, ಸೇವೆ ಸಲ್ಲಿಸಿದ ಕ್ರೈಸ್ತ ಅಧಿಕಾರಿಗಳೊಡನೆ ಕೂತು ಕಂಡುಕೊಳ್ಳಬೇಕು. ನೋಯ್ಡಾದ ಅರುಣ್ ವಿಹಾರ, ಜಲವಾಯು ವಿಹಾರಗಳಲ್ಲಿ ಮೂರೂ ಸೇನೆಗಳ ನಿವೃತ್ತರು ನೆಲೆಸಿದ್ದಾರೆ. ಅವರ ಮನೆಯಲ್ಲಿ ಕಳೆದ ಒಂದು ಸಂಜೆ ಎಷ್ಟೋ ಪುಸ್ತಕಗಳಿಗಿಂತ ಮೇಲು.

ಇಷ್ಟೆಲ್ಲ ತಿಳಿದೂ ಹೋದವರ ಸಾಲು ಚಿಕ್ಕದಲ್ಲ. ಇಂಡಿಯಾ ಗೇಟಿನ ಬಳಿ 2019ರ ಫೆಬ್ರುವರಿ 25ರಂದು ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳಲ್ಲಿ 25,000ಕ್ಕೂ ಹೆಚ್ಚು ಹೆಸರುಗಳಿವೆ. ಪರಮವೀರ ಚಕ್ರ ಪಡೆದವರ ಪ್ರತಿಮೆಗಳ ನಡುವೆ ಲ್ಯಾನ್ಸ್ ನಾಯಕ್ ಆಲ್ಬರ್ಟ್ ಎಕ್ಕಾ ಇದ್ದಾರೆ. ಈಗಿನ ಜಾರ್ಖಂಡಿನ ಗುಮ್ಲಾ ಜಿಲ್ಲೆಯ ಒರಾಂವ್ ಆದಿವಾಸಿ ಕ್ರೈಸ್ತರು ಅವರು. 1971ರ ಡಿಸೆಂಬರ್‌ನಲ್ಲಿ ಪೂರ್ವ ಗಡಿಯ ಗಂಗಾಸಾಗರದಲ್ಲಿ ತಮ್ಮ ಸಂಗಡಿಗರನ್ನು ಕೊಲ್ಲುತ್ತಿದ್ದ ಮಷಿನ್‌ಗನ್‌ಗಳನ್ನು ಗಾಯಗೊಂಡಿದ್ದರೂ ಮುನ್ನುಗ್ಗಿ ಅಡಗಿಸಿ ಪ್ರಾಣ ಕೊಟ್ಟರು. ಮನೆಗೆಲಸಕ್ಕೆಂದು ಅದೇ ಸೀಮೆಯಿಂದ ಬಂದ ಎಷ್ಟೋ ಹೆಣ್ಣುಮಕ್ಕಳು ದೆಹಲಿಯ ಚರ್ಚುಗಳಲ್ಲಿ ಭಾನುವಾರ ಹಿಂದಿನ ಬೆಂಚುಗಳಲ್ಲಿ ಕೂರುತ್ತಾರೆ. ಅವರ ನೆಲದವನೊಬ್ಬನ ಪ್ರತಿಮೆ ಅಷ್ಟು ಹತ್ತಿರದಲ್ಲಿದೆ ಎಂದು ಅವರಿಗೆ ತೋರಿಸಬೇಕು.

ಕ್ಯಾಪ್ಟನ್ ನೇಯ್ಕೆಝಾಕುಒ ಕೆಂಗುರುಸೆ ಕೊಹಿಮಾ ಬಳಿಯ ನಾಗಾ ಕ್ರೈಸ್ತರು. 1998ರ ಡಿಸೆಂಬರ್‌ನಲ್ಲಿ ಅವರು ಸೇರಿದ್ದು ಆರ್ಮಿ ಸರ್ವಿಸ್ ಕೋರಿಗೆ. ಅದರ ಕೇಂದ್ರ ಬೆಂಗಳೂರಿನಲ್ಲಿದೆ. ಕಾರ್ಗಿಲ್ ಯುದ್ಧದಲ್ಲಿ 2ನೇ ರಜಪೂತಾನಾ ರೈಫಲ್ಸ್ ಜೊತೆಗಿದ್ದರು. ಆ ರೆಜಿಮೆಂಟಿನ ಕೇಂದ್ರ ದೆಹಲಿ ಕಂಟೋನ್ಮೆಂಟಿನಲ್ಲಿದೆ, ಅದರ ಯುದ್ಧಘೋಷ ರಾಜಾ ರಾಮಚಂದ್ರನ ಜಯಕಾರ. 1999ರ ಜೂನ್ 28ರ ರಾತ್ರಿ ದ್ರಾಸ್ ವಲಯದ ಬಂಡೆಯೊಂದನ್ನು ಹತ್ತುವಾಗ ಹಿಡಿತ ಸಿಗದೆ ಆ ಕೊರೆಯುವ ಚಳಿಯಲ್ಲಿ ಬೂಟು ಕಳಚಿ ಬರಿಗಾಲಲ್ಲಿ ಏರಿದರು. ಹೊಟ್ಟೆಗೆ ಗಾಯವಾಗಿದ್ದರೂ ಹಿಂದಿರುಗಲಿಲ್ಲ. ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಅವರ ಹೆಸರನ್ನು ನಾಲಿಗೆ ಹೊರಳಿಸಿ ಹೇಳಲಾಗದ ಸೈನಿಕರು ಪ್ರೀತಿಯಿಂದ ನಿಂಬೂ ಸಾಹೇಬ್ ಎನ್ನುತ್ತಿದ್ದರು. ಬೇರೆ ಧರ್ಮದ, ಬೇರೆ ಭಾಷೆಯ ಸೈನಿಕರು ಒಬ್ಬ ಕ್ರೈಸ್ತನನ್ನು ಹೀಗೆ ತಮ್ಮವನೆಂದುಕೊಂಡದ್ದನ್ನು ಹಿಂಜರಿಯುವ ಹುಡುಗರಿಗೆ ಹೇಳಬೇಕು.

ಬಂದೂಕು ಹಿಡಿಯಲಾರೆ, ಆದರೂ ಸೈನಿಕರ ನಡುವೆ ಇರಬೇಕು ಎನ್ನುವವರಿಗೆ ದಾರಿಯಿದೆ. 1888ರಲ್ಲಿ ಮುಂಬಯಿಗೆ ಬಂದಿಳಿದ 10 ದಾದಿಯರಿಂದ ಶುರುವಾದ ಮಿಲಿಟರಿ ನರ್ಸಿಂಗ್ ಸೇವೆಯಲ್ಲಿ ಕ್ರೈಸ್ತ ಹೆಣ್ಣುಮಕ್ಕಳ ಪಾಲು ಮೊದಲಿನಿಂದಲೂ ಹಿರಿದು. ದೆಹಲಿಯ ಬೇಸ್ ಆಸ್ಪತ್ರೆ, ಆರ್ಮಿ ರಿಸರ್ಚ್ ಅಂಡ್ ರೆಫರಲ್ ಆಸ್ಪತ್ರೆಗಳಲ್ಲಿ ಗಡಿಯಿಂದ ಬಂದ ಗಾಯಾಳುಗಳ ಆರೈಕೆ ನಡೆಯುತ್ತದೆ. ವೈದ್ಯರಾಗಬಯಸುವವರಿಗೆ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿದೆ. ಆಯುಧ ಹಿಡಿದವರೂ ಶಾಂತಿಯ ಕೆಲಸ ಮಾಡಿದ ನಿದರ್ಶನ ಕರ್ನಾಟಕದಲ್ಲೇ ಇದೆ. ಬಿಷಪ್ ಕಾಟನ್ ಶಾಲೆಯಲ್ಲಿ ಓದಿದ ಮಡಿಕೇರಿಯ ಜನರಲ್ ತಿಮ್ಮಯ್ಯ, ಬ್ರಿಟಿಷರ ಸೇನೆಯನ್ನು ಬಿಡಬೇಕೇ ಎಂಬ ಸಂಕಟದಲ್ಲಿ ಅಲಹಾಬಾದಿನಲ್ಲಿ ಮೋತಿಲಾಲ್ ನೆಹರೂ ಅವರನ್ನು ಕೇಳಿದರಂತೆ. ಸ್ವಾತಂತ್ರ್ಯ ಬಂದಾಗ ದೇಶ ಕಾಯಲು ನೀವು ಬೇಕಾಗುತ್ತೀರಿ, ಉಳಿಯಿರಿ ಎಂಬರ್ಥದ ಉತ್ತರ ಸಿಕ್ಕಿತೆಂದು ಹಂಫ್ರಿ ಇವಾನ್ಸ್ ಬರೆದ ಜೀವನಚರಿತ್ರೆ ಹೇಳುತ್ತದೆ. ಹಾಗೆ ಉಳಿದವರು ಕೊರಿಯಾದಲ್ಲಿ ಯುದ್ಧಕೈದಿಗಳ ತಟಸ್ಥ ಆಯೋಗದ ಅಧ್ಯಕ್ಷರಾದರು, 1965ರಲ್ಲಿ ಸೈಪ್ರಸ್‌ನ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿದ್ದಾಗಲೇ ತೀರಿಕೊಂಡರು.

ನಿರ್ಧಾರಕ್ಕೆ ಮೊದಲು ಬ್ರಾರ್ ಸ್ಕ್ವೇರ್‌ನ ದೆಹಲಿ ಯುದ್ಧ ಸ್ಮಶಾನಕ್ಕೂ ಹೋಗಿಬರುವುದು ಒಳ್ಳೆಯದು. ಅಲ್ಲಿಯ ಕಲ್ಲುಗಳ ಮೇಲೆ ಹೆಸರಿನ ಜೊತೆ ವಯಸ್ಸೂ ಇದೆ, ಎಷ್ಟೋ ಕಡೆ ಇಪ್ಪತ್ತರ ಆಸುಪಾಸು. ತಾಯ್ತಂದೆಯರೂ ಜೊತೆಯಲ್ಲಿ ಬರಲಿ. ಮಗ ಹೋಗುತ್ತೇನೆಂದರೆ ತಡೆಯುವ ತಾಯಿಗೂ, ಮಗ ಒಲ್ಲೆನೆಂದರೆ ನೊಂದುಕೊಳ್ಳುವ ನಿವೃತ್ತ ಸುಬೇದಾರ್ ತಂದೆಗೂ ಪ್ರಾರ್ಥನೆಯ ಅಗತ್ಯ ಮಕ್ಕಳಿಗಿರುವಷ್ಟೇ ಇದೆ.

ಕೊನೆಗೆ ತೀರ್ಮಾನ ಸೇನೆಯ ಕೈಯಲ್ಲೂ ಇರುತ್ತದೆ. ಲಿಖಿತ ಪರೀಕ್ಷೆ ದಾಟಿದವರನ್ನು ಸೇನೆಯ ಆಯ್ಕೆ ಮಂಡಳಿ (ಎಸ್‌ಎಸ್‌ಬಿ) 5 ದಿನ ಒರೆಗೆ ಹಚ್ಚುತ್ತದೆ. ಹೆಚ್ಚಿನವರು ಅಲ್ಲಿಂದ ಮರಳಿ ಬರುತ್ತಾರೆ. ಆಯ್ಕೆಯಾದವರಲ್ಲೂ ಕೆಲವರನ್ನು ವೈದ್ಯಕೀಯ ತಪಾಸಣೆ ತಡೆಯುತ್ತದೆ. ಹಾಗೆ ಬಂದವರನ್ನು ಸಭೆಗಳು ಸೋತವರಂತೆ ನೋಡಬಾರದು. ವಯಸ್ಸಿರುವವರೆಗೆ ಮತ್ತೆ ಪ್ರಯತ್ನಿಸಬಹುದು, ಪ್ರಯತ್ನಿಸದೆಯೂ ಇರಬಹುದು. ತಾವಾಗಿ ಬೇಡವೆಂದು ತೀರ್ಮಾನಿಸಿದವರಿಗೂ ಇದೇ ಮಾತು. ಇನ್ನು ಹೊರಟವರ ಜವಾಬ್ದಾರಿ ಸಭೆಯದು. ಭಾನುವಾರದ ಆರಾಧನೆಯಲ್ಲಿ ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳಿಸಬೇಕು, ಪಾದ್ರಿಯಿಲ್ಲದ ಠಾಣೆಯಲ್ಲಿರುವಾಗ ಫೋನು ಮಾಡಬೇಕು, ರಜೆಗೆ ಬಂದಾಗ ಅವರು ಕಂಡದ್ದನ್ನು ಹೇಳಿಕೊಳ್ಳಲು ಒಬ್ಬ ಹಿರಿಯರನ್ನು ಗೊತ್ತುಮಾಡಿರಬೇಕು. ಇದಕ್ಕೆ ಹಣ ಬೇಕಿಲ್ಲ, ಸಮಿತಿ ಬೇಕಿಲ್ಲ. ಊರಿನ ಯಾವ ಸಣ್ಣ ಸಭೆಯೂ ಮಾಡಬಹುದಾದ ಕೆಲಸ.